ಏಳು ಸಂಬಂಧ

ಒಂದು ಎಂದು ಬರೆಯಲು ಹೋಗಿ ಏಳಾಗಿರಬಹುದೇ? ಆಗಿರಬಹುದು. ಅವಸರದಲ್ಲಿ ಬರೆಯುವವರ ಒಂದಕ್ಕೂ ಏಳಕ್ಕೂ ಎಷ್ಟು ದೂರ? ಆದರೆ ಈ ಏಳರ ನಡುವಿಗೆ ಅಡ್ಡಗೆರೆ ಎಳೆದಿದೆ. ಓದುವವನಿಗೆ ಅನುಮಾನ ಬರಬಾರದೆಂದೇ ಬರೆಯುವವರು ಆ ಗೆರೆ ಎಳೆಯುತ್ತಾರೆ ಎಂಬುದು ಮೂವತ್ತೊಂದು ವರ್ಷ ದೆಹಲಿಯ ಸರ್ಕಾರಿ ಮಂತ್ರಾಲಯದ ಫೈಲು ತಿರುವಿದ ಗೋಪಿನಾಥರಿಗೆ ಗೊತ್ತು. ಅದೂ ಇರಲಿ. ಒಂದಾದರೂ ಯಾಕೆ? ಅಲ್ಲಿ ಇರಬೇಕಾದದ್ದು ಸೊನ್ನೆಯಲ್ಲವೇ?

ಕನ್ನಡಕ ಒರೆಸಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದರು. ಹಿಂದಿಯಲ್ಲಿತ್ತು. ಶಾಂತಮ್ಮ, ಅರುವತ್ತೆರಡು ವರ್ಷ. ಪತಿಯನ್ನು ಬಿಟ್ಟು ಸಂಬಂಧ, ಏಳು. ಎಚ್.ಐ.ವಿ. ಅಪಾಯ, ಹೆಚ್ಚು. ರಕ್ತ ಪರೀಕ್ಷೆಗೆ ಸಲಹೆ ಕೊಡಲಾಗಿದೆ.

ಚೀಟಿಯನ್ನು ತಂದು ಅವರ ಕೈಗೆ ಕೊಟ್ಟವಳು ಶಾಂತಮ್ಮನೇ. ಮಂಡಿನೋವಿನ ಮಾತ್ರೆಗೆಂದು ಸೆಕ್ಟರಿನ ಡಿಸ್ಪೆನ್ಸರಿಗೆ ಹೋಗಿದ್ದಳು. ಹೆಂಗಸರ ಸಾಲಿನಲ್ಲಿ ಯಾರೋ ಹುಡುಗಿ ಫಾರಂ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಕರೆದು ಪ್ರಶ್ನೆ ಕೇಳುತ್ತಿದ್ದಳಂತೆ. ಇವಳನ್ನೂ ಕೇಳಿದಳಂತೆ, ಇವಳು ಎಲ್ಲಕ್ಕೂ ಉತ್ತರ ಹೇಳಿದಳಂತೆ, ಕೊನೆಗೆ ರಕ್ತ ಕೊಡಿ ಎಂದು ಬರೆದುಕೊಟ್ಟಳಂತೆ. ಸಕ್ಕರೆ ಕಾಯಿಲೆಗೆ ಇರಬೇಕು, ನಿಮ್ಮ ಫೈಲಿಗೆ ಹಾಕಿಡಿ ಎಂದು ಮೇಜಿನ ಮೇಲಿಟ್ಟು ಮೆಂತ್ಯದ ಸೊಪ್ಪು ಬಿಡಿಸಲು ಕೂತಳು. ಮೂವತ್ತೆಂಟು ವರ್ಷ ದೆಹಲಿಯಲ್ಲಿದ್ದರೂ ಅವಳ ಹಿಂದಿ ತರಕಾರಿ ಗಾಡಿಯ ಭಯ್ಯಾನವರೆಗಿನದು. ಓದಲಂತೂ ಬಾರದು.

ತಪ್ಪು ಮಾಡಿದವಳು ಚೀಟಿಯನ್ನು ಗಂಡನ ಕೈಗೆ ಕೊಡುತ್ತಾಳೆಯೇ? ಓದಲು ಬಾರದವಳು ಕೊಟ್ಟಾಳು. ಏಳು ಜನ ಯಾರಿರಬಹುದು? ಗೋಪಿನಾಥರು ಮನಸ್ಸಿನಲ್ಲೇ ಪಟ್ಟಿ ಮಾಡಲು ಕೂತರು. ಕನ್ನಡ ಸಂಘದ ಕೃಷ್ಣಮೂರ್ತಿ, ಇವಳ ಚಕ್ಕುಲಿಯನ್ನು ಎಲ್ಲರೆದುರು ಹೊಗಳುತ್ತಿದ್ದ. ಆಮೇಲೆ ಆ ನಲ್ಲಿ ರಿಪೇರಿಯವನು, ಬಂದಾಗಲೆಲ್ಲ ಚಹಾ ಕುಡಿದೇ ಹೋಗುತ್ತಿದ್ದ. ಮೂರನೆಯ ಹೆಸರು ಹೊಳೆಯಲಿಲ್ಲ. ಹೊಳೆದ ಎರಡಕ್ಕೂ ಅವರಿಗೇ ನಾಚಿಕೆಯಾಯಿತು. ಆದರೂ ಅಡ್ಡಗೆರೆಯ ಏಳು ಕಣ್ಣಿಂದ ಹೋಗಲಿಲ್ಲ.

ಕೇಳಿಬಿಡಬಹುದಿತ್ತು. ಶಾಂತಾ, ಇದೇನು ಎಂದು ಎರಡು ಮಾತು. ಕೇಳಲಿಲ್ಲ.

ಮರುದಿನದಿಂದ ಅವರ ನೀರಿನ ಲೋಟ ಬೇರೆಯಾಯಿತು. ಟವೆಲ್ಲು ಸ್ನಾನದ ಮನೆಯಿಂದ ಬಾಲ್ಕನಿಯ ತಂತಿಗೆ ಹೋಯಿತು. ಲೋಟದಿಂದ, ಟವೆಲ್ಲಿನಿಂದ ಈ ರೋಗ ಅಂಟುವುದಿಲ್ಲ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಮಂತ್ರಾಲಯದ ಗೋಡೆಯ ಮೇಲೆ ಹತ್ತು ವರ್ಷ ಆ ಮಾತೇ ಬರೆದಿತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ, ಅಷ್ಟೆ. ಸಾರನ್ನ ಇನ್ನೊಂದು ಸೌಟು ಬಡಿಸಲು ಶಾಂತಮ್ಮ ಬಂದರೆ ತಟ್ಟೆಯ ಮೇಲೆ ಅಂಗೈ ಹಿಡಿದು ಹಸಿವಿಲ್ಲ ಎನ್ನುತ್ತಿದ್ದರು.

ಗುರುವಾರ ಕರೆಂಟಿನ ಬಿಲ್ಲು ಹುಡುಕುತ್ತಾ ಸೊಸೆ ಗಾನವಿ ಚೀಟಿ ಇಟ್ಟಿದ್ದ ಅದೇ ಫೈಲು ತೆರೆದಳು. ಬ್ಯಾಂಕಿನ ಕೆಲಸದವಳು, ಕಾಗದ ಕಂಡರೆ ಓದದೆ ಬಿಡುವವಳಲ್ಲ. ಸಂಜೆ ಗುರುಗ್ರಾಮದಿಂದ ಮೆಟ್ರೋದಲ್ಲಿ ನಿಂತೇ ಬಂದ ಚಿರಂತನನ್ನು ಶೂ ಬಿಚ್ಚುವ ಮೊದಲೇ ಬಾಲ್ಕನಿಗೆ ಎಳೆದುಕೊಂಡು ಹೋದಳು. ಹಾಲಿನಲ್ಲಿ ಪೇಪರು ಹಿಡಿದಿದ್ದ ಗೋಪಿನಾಥರಿಗೆ ಎಲ್ಲ ಕೇಳಿಸಿತು.

"ಯಾರ್, ಮಗ ಆಗಿ ನಾನು ಏನಂತ ಕೇಳ್ಲಿ? ನೀನು ಹೆಂಗಸು, ನೀನೇ ಪೂಛ್ ಲೋ," ಎಂದ ಚಿರಂತ್. ದೆಹಲಿಯಲ್ಲೇ ಹುಟ್ಟಿ ಬೆಳೆದವನ ಕನ್ನಡ, ಗಾಬರಿಯಾದರೆ ಹಿಂದಿಗೆ ಜಾರುತ್ತದೆ.

"ನಾನು ಸೊಸೆ. ಸೊಸೆ ಕೇಳಿದ್ರೆ ಅದು ಪ್ರಶ್ನೆ ಆಗಲ್ಲ, ಜಗಳ ಆಗುತ್ತೆ. ಮಾವ ಕೇಳಲಿ."

"ಅಪ್ಪ? ಅಪ್ಪ ಹಾಲಿನವನನ್ನೇ ನೀರು ಯಾಕೆ ಹಾಕಿದ್ದೀಯ ಅಂತ ಇವತ್ತಿಗೂ ಕೇಳಿಲ್ಲ."

ಮಾವ ಯಾಕೆ ಕೇಳಲಿಲ್ಲ ಎಂಬುದು ಮಾವನಿಗೊಬ್ಬನಿಗೇ ಗೊತ್ತಿತ್ತು. ಕೇಳಿದರೆ ಅವಳು ತಿರುಗಿ ಕೇಳಿಯಾಳು. ಚಿರಂತ್ ಹೊಟ್ಟೆಯಲ್ಲಿದ್ದಾಗ ಅವಳು ತವರು ಚಿತ್ರದುರ್ಗಕ್ಕೆ ಹೋಗಿ ಐದು ತಿಂಗಳು ಅಲ್ಲೇ ಇದ್ದಳು. ಆ ಐದು ತಿಂಗಳಲ್ಲಿ ಗೋಪಿನಾಥರು ಕಚೇರಿಯ ಗೆಳೆಯನೊಬ್ಬನ ಜೊತೆ ಕರೋಲ್ ಬಾಗಿನ ಸಣ್ಣದೊಂದು ಹೋಟೆಲಿನ ಎರಡನೆಯ ಮಹಡಿಗೆ, ದುಡ್ಡಿಗೆ ಸಿಗುವ ಹೆಂಗಸರ ಬಳಿಗೆ, ಮೂರು ಸಲ ಹೋಗಿದ್ದರು. ಮುಂದೆ ಕೆಲವು ವರ್ಷಕ್ಕೆ ಮಂತ್ರಾಲಯದಲ್ಲಿ ಆ ರೋಗದ ಭಿತ್ತಿಪತ್ರ ಅಂಟಿಸಿದಾಗ, ಅದನ್ನು ಹಾದು ಹೋಗದ ಇನ್ನೊಂದು ಮೆಟ್ಟಿಲನ್ನು ಅಭ್ಯಾಸ ಮಾಡಿಕೊಂಡರು. ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಇದ್ದಿದ್ದರೆ ಇಷ್ಟು ವರ್ಷದಲ್ಲಿ ಕಾಣಿಸಿಕೊಳ್ಳುತ್ತಿತ್ತು ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಯಾರಾದರೂ ರಕ್ತ ಪರೀಕ್ಷೆ ಎಂದರೆ ಅವರ ಮೊಣಕೈ ತಾನಾಗಿ ಮಡಚಿಕೊಳ್ಳುತ್ತಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಶಾಂತಮ್ಮ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಮೂವರೂ ಒಂದೊಂದು ಮುದ್ದೆ ಮುಗಿಸಿ ಎದ್ದರು. ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು.

"ಕೂತ್ಕೊಳ್ಳಿ ಮೂರೂ ಜನ. ಮಂಗಳವಾರದಿಂದ ನೋಡ್ತಿದ್ದೀನಿ. ಸಾರಿನಲ್ಲಿ ಹಲ್ಲಿ ಬಿದ್ದಿದೆಯಾ? ಇವರ ಟವೆಲ್ ಬಾಲ್ಕನಿಗೆ ಹೋಗಿದೆ, ಇವಳು ನಾನು ಕುಡಿದ ಲೋಟ ಎರಡು ಸಲ ತೊಳೀತಾಳೆ, ಇವನು ನನ್ನ ಮುಖ ನೋಡಲ್ಲ. ಯಾರು ಸತ್ತಿದ್ದಾರೆ, ಹೇಳಿಬಿಡಿ."

ಗಾನವಿಯೇ ಧೈರ್ಯ ಮಾಡಿದಳು. "ಅತ್ತೆ, ಡಿಸ್ಪೆನ್ಸರಿಯಲ್ಲಿ ಆ ಹುಡುಗಿ ನಿಮ್ಮನ್ನ ಏನು ಕೇಳಿದ್ಲು?"

"ಏನು ಕೇಳ್ತಾಳೆ? ಮಕ್ಕಳೆಷ್ಟು ಅಂದ್ಲು, ಒಬ್ಬ ಅಂದೆ. ಆಮೇಲೆ ಶಾದಿ, ಪತಿ, ಅದೂ ಇದೂ ಅಂದು, ಇವರನ್ನ ಬಿಟ್ಟು ನಿಮಗೆ ಎಷ್ಟು ಸಂಬಂಧ ಅಂತ ಕೇಳಿದ್ಲು. ಏಳು ಅಂದೆ. ಸುಳ್ಳು ಹೇಳೋದಕ್ಕಾಗುತ್ತಾ? ಹರಿಹರದ ವಕೀಲರ ಮನೆಯದು ಒಂದು, ಹೊಸದುರ್ಗದ ಮೇಷ್ಟ್ರದು ಒಂದು, ಆ ಹತ್ತಿ ಮಂಡಿಯವರ ತಮ್ಮಂದು ಒಂದು. ಏಳು ಸಂಬಂಧ ಬಂದು ವಾಪಸ್ ಹೋದ ಮೇಲೆ ಇವರದು ಎಂಟನೇದು."

ಮೂವರೂ ಅವಳತ್ತ ಬಾಗಿದರು. ಅದನ್ನು ಆಸಕ್ತಿ ಎಂದುಕೊಂಡು ಅವಳು ಮುಂದುವರಿಸಿದಳು. ಎಲ್ಲ ಒಂದೇ ವರ್ಷದಲ್ಲೇ ಎಂದು ಹುಡುಗಿ ಕೇಳಿದಳಂತೆ. ಹೌದು, ಆಷಾಢ ಕಳೆದ ಮೇಲೆ ಸಾಲಾಗಿ ಬಂದವು ಎಂದಳಂತೆ. ಅವರ ಹೆಸರು ಗೊತ್ತೇ ಎಂದರೆ, ಇಬ್ಬರದು ಮರೆತಿದೆ ಎಂದಳಂತೆ. "ಸುರಕ್ಷಾ ಇತ್ತಾ ಅಂತ ಬೇರೆ ಕೇಳಿದ್ಲು. ಯಾಕಿರಲ್ಲ, ಪ್ರತಿ ಸಲವೂ ನಮ್ಮಪ್ಪ ಪಕ್ಕದಲ್ಲೇ ಕೂತಿದ್ರು ಅಂದೆ. ಪಾಪ, ಆ ಮಗು ಬೆವರು ಒರೆಸ್ಕೊಂಡ್ಲು."

ಚಿರಂತ್ ಮೊದಲು ಕೆಮ್ಮಿದ. ಕೆಮ್ಮು ನಗುವಾಗಿ, ನಗು ತಡೆಯಲಾಗದೆ ತಟ್ಟೆಯ ಮೇಲೆ ಬಗ್ಗಿದ. ಗಾನವಿ ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದಿಯವರು ಸಂಬಂಧ ಎಂದರೆ ಏನು, ಫಾರಂ ಯಾವ ರೋಗದ್ದು, ಸುರಕ್ಷೆ ಎಂದರೆ ಯಾವುದು ಎಂದು ಅವಳೇ ಅತ್ತೆಯ ಕಿವಿಗೆ ಬಾಯಿಟ್ಟು ವಿವರಿಸಿದಳು. ಶಾಂತಮ್ಮ ಕೇಳುತ್ತಾ ಹೋದಂತೆ ನಗು ನಿಂತಿತು. ಅವಳು ನಗಲಿಲ್ಲ.

"ನಾಲ್ಕು ದಿನ," ಎಂದಳು. "ಆ ಹುಡುಗಿಗೆ ಕನ್ನಡ ಬರಲ್ಲ, ತಪ್ಪು ತಿಳಿದ್ಲು. ನಿಮಗೆ ಬರುತ್ತಲ್ಲ. ನಾಲ್ಕು ದಿನದಲ್ಲಿ ಒಬ್ಬರಿಗೂ ನನ್ನ ಕೇಳಬೇಕು ಅನ್ನಿಸಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ನಂಬಿದ್ರಾ?"

"ಛೆ," ಎಂದರು ಗೋಪಿನಾಥರು.

ಶಾಂತಮ್ಮ ಎದ್ದುಹೋಗಿ ಬಾಲ್ಕನಿಯ ಟವೆಲ್ಲು ತಂದು ಸ್ನಾನದ ಮನೆಯ ಗೂಟಕ್ಕೆ ಹಾಕಿದಳು.

ಸೋಮವಾರ ಏಳನ್ನು ಹೊಡೆಸಿಹಾಕಲು ಹೊರಟಳು. ಮಾತಿಗೆ ಬೇಕಾಗುತ್ತದೆ ಎಂದು ಗಂಡನನ್ನೂ ಕರೆದೊಯ್ದಳು. ಬೇಕಾಗಲಿಲ್ಲ. ಆ ಫಾರಮ್ಮಿನ ಸಮೀಕ್ಷೆಯ ಮೇಲ್ವಿಚಾರಣೆಯವಳು ತುಮಕೂರಿನ ಹುಡುಗಿ, ಸಿಂಚನಾ ಎಂದು ಹೆಸರು, ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಎಂಟನೆಯ ಸಂಬಂಧ ಪಕ್ಕದಲ್ಲೇ ಕೂತಿರುವುದನ್ನು ಕಂಡು, ವಿಷಯ ತಿಳಿದು, ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏಳನ್ನು ಹೊಡೆದು ಸೊನ್ನೆ ಬರೆದಳು. ಆದರೂ ಬಂದಿದ್ದೇನೆ, ರಕ್ತ ತೆಗೆದುಕೊಳ್ಳಿ, ಸೊನ್ನೆಗೂ ಸಾಕ್ಷಿ ಇರಲಿ ಎಂದಳು ಶಾಂತಮ್ಮ. ಕೊಟ್ಟಳು. ಅರ್ಧ ಗಂಟೆಯಲ್ಲಿ ಏನೂ ಇಲ್ಲ ಎಂದು ಬಂತು. ಗೋಪಿನಾಥರು ಹೊರಗಿನ ಬೆಂಚಿನಲ್ಲಿ ಕೂತು ತಮ್ಮ ಮೊಣಕೈ ಹಿಡಿದುಕೊಂಡಿದ್ದರು. ಅವಳಿಗಿಲ್ಲ ಎಂದರೆ ತಮಗೂ ಇಲ್ಲ ಎಂದು ಅರ್ಥವೇ? ಇರಬಹುದು. ಖಚಿತವಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾಂತಮ್ಮ, ಈ ಫಾರಮ್ಮಿನಿಂದ ನಿಮಗೇನು ತಿಳಿಯುತ್ತದೆ ಎಂದು ಕೇಳಿಬಿಟ್ಟಳು. ಏನೂ ತಿಳಿಯುತ್ತಿಲ್ಲ ಆಂಟಿ, ಎಂದಳು ಸಿಂಚನಾ. ಇನ್ನೂರು ಹೆಂಗಸರನ್ನು ಕೇಳಿದ್ದಾರೆ, ನಿಮ್ಮ ಏಳು ಬಿಟ್ಟರೆ ಉಳಿದದ್ದೆಲ್ಲ ಸೊನ್ನೆ. ಕೇಳುವಾಗ ನೆಲ ನೋಡುತ್ತಾರೆ, ಎದ್ದುಹೋಗುತ್ತಾರೆ. ಇಲ್ಲಿ ರೋಗ ಸಿಕ್ಕಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಬಂದದ್ದು ಮನೆಯ ಗಂಡನಿಂದಲೇ.

"ಮತ್ತೆ ಅವರ ಸಂಬಂಧ ಯಾಕೆ ಕೇಳ್ತೀಯಮ್ಮ? ಗಂಡಂದು ಕೇಳು."

"ಅದೂ ಇದೆ ಆಂಟಿ, ಒಂಬತ್ತನೇ ಪ್ರಶ್ನೆ. ಗೊತ್ತಿಲ್ಲ ಅಂತಾರೆ."

ಶಾಂತಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಡೆ ತಿರುಗಿದಳು. ಸಾಲಿನಲ್ಲಿ ಆಗಾಗ ಸಿಗುವವಳು, ಗಂಡ ಲಾರಿ ಓಡಿಸುತ್ತಾನೆ. ತನ್ನ ಮುರುಕು ಹಿಂದಿಯಲ್ಲಿ, ದನಿ ತಗ್ಗಿಸಿ, ನಿನ್ನ ಗಂಡ ಹೊರಗೂ ಉಣ್ಣುತ್ತಾನಾ ಎಂದು ಕೇಳಿದಳು: "ತೇರಾ ಆದ್ಮಿ ಬಾಹರ್ ಭೀ ಖಾತಾ ಹೈ ಕ್ಯಾ?"

ಢಾಬಾದಲ್ಲಿ ತಿನ್ನುತ್ತಾನೆ, ಲಾರಿಯವರಲ್ಲವೇ ಎಂದಳು ಅವಳು. ಶಾಂತಮ್ಮ ಹುಬ್ಬು ಕುಣಿಸಿ, ಆ ಊಟವಲ್ಲ ಎಂದು ತಲೆಯಾಡಿಸಿದಳು. ಹೆಂಗಸಿಗೆ ಅರ್ಥವಾಯಿತು. ದುಪಟ್ಟಾ ಬಾಯಿಗೆ ಹಿಡಿದು ನಕ್ಕಳು. ನಕ್ಕು ನಕ್ಕು, ಶಾಂತಮ್ಮನ ಭುಜಕ್ಕೆ ಹಣೆ ತಾಗಿಸಿ, ಹೇಳತೊಡಗಿದಳು. ಸಿಂಚನಾ ಪೆನ್ನು ಕೈಯಲ್ಲಿಟ್ಟುಕೊಂಡೇ ಕೂತಿದ್ದಳು, ಬರೆಯಲು ಮರೆತಿದ್ದಳು.

'ಹೊರಗೆ ಉಣ್ಣೋ ಗಂಡ' ಎಂಬುದು ಶಾಂತಮ್ಮನ ಅಜ್ಜಿಯ ಮಾತಂತೆ. ಅಂಥವನಿಗೆ ಮನೆಯಲ್ಲಿ ಬಡಿಸುವವಳು ತನ್ನ ತಟ್ಟೆ ನೋಡಿಕೊಳ್ಳಬೇಕು ಎಂದು ಅಜ್ಜಿ ಹೇಳುತ್ತಿದ್ದರಂತೆ. ಮುಂದಿನ ವಾರದಿಂದ ಮಂಗಳವಾರ ಮತ್ತು ಶುಕ್ರವಾರ, ಬಾಗಿಲು ಹಾಕಿದ ಕೋಣೆಯಲ್ಲಿ, ಫಾರಮ್ಮಿನ ಹುಡುಗಿಯ ಪಕ್ಕದ ಕುರ್ಚಿ ಶಾಂತಮ್ಮನದಾಯಿತು. ಇನ್ನು ಮುಂದೆ ಹೆಸರು ಬರೆಯುವುದಿಲ್ಲ, ನಂಬರು ಮಾತ್ರ, ಕೇಳಿದ್ದು ಈ ಕೋಣೆಯಿಂದಾಚೆ ಹೋಗುವುದಿಲ್ಲ ಎಂದು ಅವಳಿಂದಲೂ ಸಹಿ ಹಾಕಿಸಿಕೊಂಡರು. ಹಾಕಿದಳು. ಮನೆಯಲ್ಲೂ ಒಬ್ಬ ಹೆಂಗಸಿನ ಒಂದು ಮಾತನ್ನೂ ಎತ್ತಲಿಲ್ಲ.

ಮನೆಯಲ್ಲಿ ಎದ್ದದ್ದು ಬೇರೆಯದೇ ಗದ್ದಲ. ಮಂಗಳವಾರ ಮಧ್ಯಾಹ್ನಕ್ಕೆ ಅಡುಗೆ ಇಲ್ಲ. ಗೋಪಿನಾಥರು ಕುಕ್ಕರಿಗೆ ನೀರು ಹಾಕದೆ ಬೇಳೆ ಇಟ್ಟರು, ಮನೆಯೆಲ್ಲ ಹೊಗೆ ತುಂಬಿ ನೆರೆಯವರು ಓಡಿಬಂದರು. ಕುಕ್ಕರಿನ ತಳ ಉಜ್ಜುತ್ತಾ ಗಾನವಿ, ಮಾವ ಶುಕ್ರವಾರ ಅವಲಕ್ಕಿ ನೆನೆಸಿಕೊಳ್ಳಿ, ಅದಕ್ಕೆ ಬೆಂಕಿ ಬೇಡ ಎಂದಳು. ಮೂರನೆಯ ವಾರ ಚಿರಂತನಿಗೆ ಕೆಳಗಿನ ಪಾರ್ಕಿನಲ್ಲಿ ಯಾರೋ ಏನೋ ಅಂದರು.

"ಅಮ್ಮಾ, ಬಸ್ ಕರ್, ಸಾಕು. ಸೊಸೈಟಿಯಲ್ಲಿ ನಿನ್ನನ್ನ ಏಡ್ಸ್ ವಾಲೀ ಆಂಟಿ ಅಂತಿದ್ದಾರೆ. ನನಗೆ ಶರಮ್ ಆಗುತ್ತೆ."

"ಅಚ್ಛಾ," ಎಂದಳು ಶಾಂತಮ್ಮ, ಚಪಾತಿ ಲಟ್ಟಿಸುತ್ತಲೇ. "ಮೂವತ್ತೆಂಟು ವರ್ಷ ಈ ಊರಿನಲ್ಲಿ ನನ್ನ ಮದ್ರಾಸಿ ಆಂಟಿ ಅಂದ್ರು. ಆಗ ನಿನಗೆ ಶರಮ್ ಆಗಿತ್ತಾ? ಮದ್ರಾಸ್ ನಾನು ನೋಡೇ ಇಲ್ಲ. ಇದಾದ್ರೂ ನಾನು ಮಾಡೋ ಕೆಲಸದ ಹೆಸರು."

ಚಿರಂತ್ ಅಪ್ಪನ ಕಡೆ ನೋಡಿದ. ಗೋಪಿನಾಥರು ಚಪಾತಿಯ ಸುಟ್ಟ ಅಂಚನ್ನು ಮುರಿಯುತ್ತಿದ್ದರು. ಏನಾದ್ರೂ ಹೇಳಿ ಎಂದ. ಉಪ್ಪು ಸ್ವಲ್ಪ ಕಡಿಮೆ ಎಂದರು.

ಒಂದು ಭಾನುವಾರ ಊಟವಾದ ಮೇಲೆ ಶಾಂತಮ್ಮ ಅಭ್ಯಾಸಕ್ಕೆಂದು ಫಾರಮ್ಮನ್ನು ಮನೆಯವರ ಮೇಲೆ ಪ್ರಯೋಗಿಸತೊಡಗಿದಳು. ಪ್ರಶ್ನೆಗಳನ್ನು ಗಾನವಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಮಗ ಸೊಸೆ ನಗುತ್ತಾ ಉತ್ತರಿಸಿ ಎದ್ದರು. ಗೋಪಿನಾಥರ ಸರದಿ ಬಂತು.

"ಒಂಬತ್ತನೇದು. ನೀವು ಹೊರಗೆ ಉಂಡಿದ್ದೀರಾ?"

ಅವಳ ಮುಖದಲ್ಲಿ ನಗುವಿತ್ತು. ಗೋಪಿನಾಥರು ಕಚೇರಿಗೂ ಡಬ್ಬಿ ಒಯ್ದವರು, ಮದುವೆ ಮನೆಯಲ್ಲೂ ಮೊಸರನ್ನ ಹುಡುಕಿದವರು ಎಂಬುದು ಮನೆಯ ಹಳೆಯ ತಮಾಷೆ. ಅವರು ಇಲ್ಲ ಎಂದರು. ನನಗೆ ಗೊತ್ತಿಲ್ಲವಾ ಎಂದು ಅವಳೇ ಸೊನ್ನೆ ಬರೆದಳು, ತುಂಬಾ ದುಂಡಗೆ.

ಐದನೆಯ ವಾರದ ಹೊತ್ತಿಗೆ ಫಾರಮ್ಮುಗಳು ತುಂಬಿದ್ದವು, ಹೆಂಗಸರು ರಕ್ತವನ್ನೂ ಕೊಡುತ್ತಿದ್ದರು. ಕೆಲಸ ನಿಂತದ್ದು ಗಂಡಂದಿರಲ್ಲಿ. ಒಬ್ಬನೂ ಬರುತ್ತಿರಲಿಲ್ಲ. ಗಂಡಸರು ಬಾರದಿದ್ದರೆ ನಾನು ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಶಾಂತಮ್ಮ ಹಪಹಪಿಸಿದಳು. ಗಂಡಸರಿಗೆಂದೇ ಒಂದು ಭಾನುವಾರ ಶಿಬಿರ ಇಡಲು ಸಿಂಚನಾಳನ್ನು ಒಪ್ಪಿಸಿದಳು. ಮನೆಮನೆಗೆ ಹೇಳಿಸಿದಳು. ಅಂದು ಕೊತ್ತಂಬರಿ ಹೆಚ್ಚಿ, ಉಪ್ಪಿಟ್ಟು ಕೆದಕಿ, ದೊಡ್ಡ ಡಬ್ಬಿಯಲ್ಲಿ ತುಂಬಿಸಿಕೊಂಡು ಹೊರಟಳು. ಡಬ್ಬಿ ಹೊರಲು ಗೋಪಿನಾಥರು.

ಗಂಡಸರು ಬಂದಿದ್ದರು. ಹೆಂಡತಿಯರ ಕಾಟಕ್ಕೆ ಬಂದಿದ್ದರು ಎನ್ನಬೇಕು. ಮೂವತ್ತಕ್ಕೂ ಹೆಚ್ಚು ಜನ ಡಿಸ್ಪೆನ್ಸರಿಯ ಗೇಟಿನಾಚೆ ಚಹಾ ಗಾಡಿಯ ಸುತ್ತ ನಿಂತಿದ್ದರು. ಒಳಗೆ ಹೋದವನನ್ನು ಉಳಿದವರು ಏನೆಂದುಕೊಂಡಾರು ಎಂದು ಯಾರೂ ಕಾಲು ತೆಗೆಯುತ್ತಿರಲಿಲ್ಲ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಉಪ್ಪಿಟ್ಟು ತಣ್ಣಗಾಯಿತು. ಲಾರಿಯವನ ಹೆಂಡತಿ ಗೇಟಿನ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಶಾಂತಮ್ಮ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಯಾವುದಕ್ಕೂ ಹೀಗೆ ಆಸೆಪಟ್ಟದ್ದನ್ನು ಗೋಪಿನಾಥರು ನೋಡಿರಲಿಲ್ಲ.

ಅವರು ಚಹಾ ಗಾಡಿಯವರನ್ನು ದಾಟಿ, ಗೇಟು ದಾಟಿ, ಒಳಗೆ ಹೋದರು.

ಆಪ್ತಸಲಹೆಯ ಹುಡುಗ ಬಾಗಿಲು ಹಾಕಿ ಹಿಂದಿಯಲ್ಲಿ ಕೇಳಿದ. ಮನೆಯ ಮಾತಲ್ಲವಾದ್ದರಿಂದಲೋ ಏನೋ, ಉತ್ತರ ಬಾಯಿಗೆ ಬಂತು. ಮೂವತ್ತೇಳು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಎಷ್ಟು ಸಲ, ಎಲ್ಲಿ, ಸುರಕ್ಷೆ ಇತ್ತೇ. ಇರಲಿಲ್ಲ ಎಂದರು. ಹುಡುಗ ಮುಖದಲ್ಲಿ ಏನನ್ನೂ ತೋರಿಸದೆ ಬರೆದುಕೊಂಡ. ಹೆಸರಿನ ಬದಲು ಅವರಿಗೆ ಸಿಕ್ಕ ನಂಬರು ಹದಿನೈದು ಸೊನ್ನೆ ಒಂದು. ಮೊಣಕೈ ಬಿಡಿಸಿ ಚಾಚಿದರು. ಸೂಜಿ ಇರುವೆ ಕಚ್ಚಿದಷ್ಟೇ ನೋಯಿತು.

ಫಲಿತಾಂಶಕ್ಕೆ ಅರ್ಧ ಗಂಟೆ. ತೋಳಿನ ಹತ್ತಿಯನ್ನು ಒತ್ತಿಕೊಂಡು ಹೊರಗೆ ಬಂದಾಗ ಶಾಂತಮ್ಮ ಕಣ್ಣರಳಿಸಿ ನೋಡಿದಳು. ಆಮೇಲೆ ಅವರ ಆ ತೋಳನ್ನೇ ಹಿಡಿದುಕೊಂಡು, ಗೇಟಿನಾಚೆಗೆ ಎಳೆದುಕೊಂಡು ಹೋಗಿ, ಅಷ್ಟು ಗಂಡಸರ ಎದುರು ಮೇಲಕ್ಕೆತ್ತಿ ತೋರಿಸಿದಳು.

"ದೇಖೋ. ಹಮಾರಾ ಆದ್ಮಿ. ಪೂರಾ ಜಿಂದಗಿ ಬಾಹರ್ ಕಾ ಏಕ್ ರೋಟಿ ನಹೀ ಖಾಯಾ. ಇಸ್ಕೋ ಕ್ಯಾ ಜರೂರತ್? ಫಿರ್ ಭೀ ದಿಯಾ. ತುಮ್ ಲೋಗ್ ಕ್ಯಾ ಡರ್ತಾ ಹೈ?"

ಹೊರಗಿನ ಒಂದು ರೊಟ್ಟಿಯನ್ನೂ ತಿನ್ನದ ನನ್ನ ಗಂಡನೇ ರಕ್ತ ಕೊಟ್ಟಿದ್ದಾರೆ, ನಿಮಗೇನು ಭಯ ಎಂಬ ಆ ಮುರುಕು ಹಿಂದಿಗೆ ಗಾಡಿಯ ಸುತ್ತ ನಗು ಎದ್ದಿತು. ಲಾರಿಯವನು ಚಹಾ ಲೋಟ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ. ಅಂಕಲ್‌ಜಿಯೇ ಕೊಟ್ಟರೆಂದ ಮೇಲೆ ಚಲೋ ಎಂದು ಒಳಗೆ ನಡೆದ. ಅವನ ಹಿಂದೆ ಇಬ್ಬರು. ಆಮೇಲೆ ಒಟ್ಟಿಗೆ ಐದಾರು ಜನ. ಸಾಲು ಗೇಟಿನವರೆಗೆ ಬೆಳೆಯಿತು, ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತಂದರು. ಮೂರು ಗಂಟೆಗೆ ಸಿಂಚನಾ ಎಣಿಸಿದಾಗ ನಲವತ್ತೊಂದು. ರೋಗ ಕಂಡ ಮೂವರಿಗೆ ಚಿಕಿತ್ಸೆ ಆ ದಿನವೇ ಶುರುವಾಗುವಂತೆ ಚೀಟಿ ಬರೆದರು. ತಡವಾಗದೆ ಸಿಕ್ಕಿತು, ಮಾತ್ರೆ ತಪ್ಪದಿದ್ದರೆ ಎಲ್ಲರಂತೆ ಬದುಕುತ್ತಾರೆ, ಅವರ ಹೆಂಡತಿಯರನ್ನೂ ಕಾಪಾಡಬಹುದು ಎಂದಳು. ಒಂಬತ್ತನೆಯ ಪ್ರಶ್ನೆ ಇನ್ನು ಮುಂದೆ ಸಮೀಕ್ಷೆ ನಡೆಯುವ ಎಲ್ಲ ಡಿಸ್ಪೆನ್ಸರಿಗಳಲ್ಲೂ ಆಂಟಿಯ ಮಾತಿನಲ್ಲೇ ಅಚ್ಚಾಗುತ್ತದೆ ಎಂದೂ ಹೇಳಿದಳು. ಅಷ್ಟು ಹೊತ್ತಿಗೆ ಗಾನವಿ ಮತ್ತು ಚಿರಂತ್ ಬಂದಿದ್ದರು. ಚಿರಂತ್ ಅಂಗಿಯ ತೋಳು ಮಡಚಿ, ಏಡ್ಸ್ ವಾಲೀ ಆಂಟಿಯ ಮಗ ಎಂದು ತಾನೇ ಪರಿಚಯ ಹೇಳಿಕೊಂಡು ಸಾಲಿನ ಕೊನೆಗೆ ನಿಂತ.

ಹದಿನೈದು ಸೊನ್ನೆ ಒಂದಕ್ಕೆ ಏನೂ ಇರಲಿಲ್ಲ. ಗೋಪಿನಾಥರು ಕಾಗದವನ್ನು ಎರಡು ಸಲ ಓದಿ, ಮಡಚಿ, ಜೇಬಿಗಿಟ್ಟುಕೊಂಡರು.

ತಣ್ಣಗಾದ ಉಪ್ಪಿಟ್ಟಿನ ತಳವನ್ನು ಕೆರೆದು ಶಾಂತಮ್ಮ ಒಂದು ತಟ್ಟೆಗೆ ಹಾಕಿ ಅವರ ಕೈಗಿತ್ತಳು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಕೂದಲು ಕೆದರಿತ್ತು. ನೀವೊಬ್ಬರು ಒಳಗೆ ಹೋಗದಿದ್ದರೆ ಯಾರೂ ಹೋಗುತ್ತಿರಲಿಲ್ಲ ಎಂದಳು. ಅವರು ತಟ್ಟೆಯನ್ನು ಖಾಲಿ ಮಾಡಿದರು, ಇನ್ನೂ ಇದೆಯಾ ಎಂದು ಕೇಳಿದರು. ತಾವು ಒಂದು ಕಾಲಕ್ಕೆ ಹೊರಗೆ ಉಂಡವರು ಎಂಬುದನ್ನು ಗೋಪಿನಾಥರು ಅವಳಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.